ಸಾಕು ಅಂದವರಿಗೂ ಬಡಿಸಿದ ಶನಿವಾರ

ನಿಮ್ಮವ್ವ ಎಮ್ಮೆಗೆ ಇಂಗ್ಲಿಷ್ ಹೇಳಿದ್ದನ್ನು ನಾನು ಈ ಕಿವಿಯಿಂದಲೇ ಕೇಳಿದ್ದೇನೆ. ನೀವಿಬ್ಬರೂ ನಂಬುವುದಿಲ್ಲ, ಆದರೂ ಬರೆಯುತ್ತೇನೆ. ಆಗ ದೊಡ್ಡವಳು ಅಂಗನವಾಡಿಗೆ ಹೋಗುತ್ತಿದ್ದಳು, ಸಣ್ಣವನು ತೊಟ್ಟಿಲಲ್ಲಿದ್ದ. ಮುಂಜಾನೆ ಹಾಲು ಹಿಂಡಲು ಕೂತಾಗ ನಿಮ್ಮವ್ವ ಎಮ್ಮೆಯ ಹೊಟ್ಟೆಗೆ ತಲೆ ಆನಿಸಿ ಮೆಲ್ಲಗೆ ಶುರು ಮಾಡುತ್ತಿದ್ದಳು. ಅದರಲ್ಲಿ ನನಗೆ ತಿಳಿಯುತ್ತಿದ್ದುದು ‘ಬುದ್ಧ’ ಅನ್ನುವ ಮಾತೊಂದೇ. ನಡುವೆ ಎಲ್ಲಿಯಾದರೂ ತಪ್ಪಿದರೆ ಮತ್ತೆ ಮೊದಲಿನಿಂದ.

“ಯಾರಿಗಿ ಹೇಳಾಕತ್ತೀಯವ್ವ?” ಅಂತ ಒಂದು ದಿನ ಕೇಳಿದೆ.

“ಎಂಟು ಮಂದಿ ಮುಂದ ಹೇಳಬೇಕಾಗ್ಯದ ಅತ್ತಿ. ಮೊದಲ ಇದರ ಮುಂದ ಹೇಳಿ ನೋಡಾಕತ್ತೇನಿ. ಇದು ನಗಂಗಿಲ್ಲ ನೋಡ್ರಿ.”

ಆ ಎಂಟು ಮಂದಿ ಯಾರು ಅನ್ನುವುದನ್ನು ಹೇಳಬೇಕು. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ನಾವು ಅಂಗಳದಲ್ಲಿ ಮೆಣಸಿನಕಾಯಿ ಹರವಿದ್ದೆವು. ಶಹಾಪುರದಿಂದ ಭೀಮರಾಯನಗುಡಿಗೆ ಹೋಗುವ ರಸ್ತೆಯಿಂದ ಒಂದು ಕಾರು ನಮ್ಮ ಹೊಲದ ದಾರಿಗೆ ಇಳಿದು ಬಂತು. ಅದರಿಂದ ಒಬ್ಬ ವಿದೇಶಿ ಹೆಂಗಸು ಇಳಿದಳು. ಎತ್ತರದ ಆಳು, ಅರ್ಧ ನರೆತ ಕೂದಲು, ನೂಲಿನ ಚೂಡಿದಾರ. ನಾನು ಎದ್ದು ಒಳಗೆ ಹೋಗಿ ಬಾಗಿಲ ಹಿಂದೆ ನಿಂತೆ. ಹೊಸಬರು ಬಂದರೆ ನನ್ನ ಕಾಲು ತಾವಾಗಿಯೇ ಒಳಗೆ ಹೋಗುತ್ತವೆ, ನಿಮಗೆ ಗೊತ್ತಲ್ಲ.

ಮಲಗಿದ ಬುದ್ಧನ ಗುಡ್ಡ ಎಲ್ಲಿಂದ ಚೆನ್ನಾಗಿ ಕಾಣುತ್ತದೆ ಅಂತ ಅವಳು ಇಂಗ್ಲಿಷಿನಲ್ಲಿ ಕೇಳಿದಳಂತೆ. ನಿಮ್ಮವ್ವ ಕೈಗೆ ಹತ್ತಿದ ಖಾರವನ್ನು ಸೆರಗಿಗೆ ಒರೆಸಿಕೊಂಡು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. ರಸ್ತೆಯಿಂದ ನೋಡಿದರೆ ಲೈಟ್ ಕಂಬ, ತಂತಿ, ಅಂಗಡಿ ಬೋರ್ಡು ಎಲ್ಲ ಅಡ್ಡ ಬರುತ್ತವೆ. ನಮ್ಮ ಹೊಲದ ಆಚೆ ಬದುವಿನ ಮೇಲೆ ನಿಂತರೆ ನಾಲ್ಕು ಗುಡ್ಡ ಒಂದಕ್ಕೊಂದು ಕೂಡಿ ತಲೆ, ಮೂಗು, ಎದೆ, ಪಾದ ಪೂರಾ ಕಾಣುತ್ತವೆ. ಅದೂ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ. ನಿಮ್ಮವ್ವ ಅವಳನ್ನು ಆ ಬದುವಿಗೆ ಕರೆದುಕೊಂಡು ಹೋದಳು.

ನಾನು ಆ ಗುಡ್ಡವನ್ನು ಮೊದಲು ನೋಡಿದ್ದು ಮದುವೆಯಾಗಿ ಮೂರು ತಿಂಗಳ ಮೇಲೆ. ಕೊಂಕಲ್‌ನಿಂದ ಮದುವೆ ಮುಗಿಸಿ ಬಸ್ಸಿನಲ್ಲಿ ಬರುವಾಗ ನಿಮ್ಮ ಮುತ್ಯಾ, ಆಗಿನ್ನೂ ಹೊಸ ಗಂಡ, ಕಿಟಕಿಯಲ್ಲಿ ಬೆರಳು ಮಾಡಿ “ಅಲ್ಲಿ ನೋಡು” ಅಂದಿದ್ದರು. ಬಸ್ಸಿನ ತುಂಬ ಅವರ ಕಡೆಯ ಮಂದಿ. ನಾನು ತಲೆ ಎತ್ತಲಿಲ್ಲ. ಕಳೆ ತೆಗೆಯಲು ಹೋದಾಗ ಒಬ್ಬಳೇ ಬದುವಿನ ಮೇಲೆ ನೀರು ಕುಡಿಯುತ್ತ ನಿಂತು ನೋಡಿದೆ. ನೋಡಿದೆ ಅಂತ ಅವರಿಗೆ ಹೇಳಲೂ ಇಲ್ಲ.

ಇರಲಿ. ಕಾರಿನಿಂದ ಇಳಿದ ಆ ಮೇಡಂ ಹೈದರಾಬಾದಿನಲ್ಲಿ ಇರುವವಳು. ಗಂಡನ ಕೆಲಸದ ಸಲುವಾಗಿ ಬಂದು ಏಳೆಂಟು ವರ್ಷವಾಗಿತ್ತು. ಅವಳ ಹಾಗೆಯೇ ಬೇರೆ ಬೇರೆ ದೇಶದಿಂದ ಬಂದು ಆ ಶಹರದಲ್ಲಿ ಮನೆ ಮಾಡಿದವರು ಬಹಳ ಮಂದಿ ಇದ್ದಾರಂತೆ. ಎತ್ತರದ ಕಟ್ಟಡದ ಮನೆ, ಕಾರು, ಆಫೀಸು, ಮತ್ತೆ ಮನೆ. ಮಗ್ಗುಲ ಮನೆಯವರ ಮುಖವನ್ನೂ ಕಂಡಿರುವುದಿಲ್ಲ. ಚಳಿ ಮುಗಿದು ಬಿಸಿಲು ಬಲಿಯುವುದರೊಳಗೆ, ಶನಿವಾರ ಭಾನುವಾರ ಬಂತೆಂದರೆ, ಈಕೆ ಅವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಊರ ಹೊರಗೆ ಕರೆದೊಯ್ಯುವಳು. ಅವತ್ತು ಬದುವಿನ ಮೇಲೆ ನಿಂತು ನಿಮ್ಮವ್ವನಿಗೆ ಹೇಳಿದಳಂತೆ: “ಹೋಳಿಯ ಸುಮಾರಿಗೆ ಎಂಟು ಮಂದಿ ಬರುತ್ತೇವೆ. ನಿಮ್ಮಲ್ಲಿ ಸ್ವಲ್ಪ ಊಟ ಮಾಡುತ್ತೇವೆ. ನೀನು ಇಲ್ಲಿ ನಿಂತು ಈ ಗುಡ್ಡದ ಬಗ್ಗೆ, ಈ ಸೀಮೆಯ ಬಗ್ಗೆ ಮಾತಾಡಬೇಕು. ಇನ್ನೂ ಎರಡು ಊರು ನೋಡುವುದಿದೆ. ಮೂರರಲ್ಲಿ ಒಂದನ್ನು ಆರಿಸಿಕೊಂಡು ಪ್ರತಿ ವರ್ಷ ಈ ದಿನಗಳಲ್ಲಿ ಅಲ್ಲಿಗೇ ಬರುತ್ತೇವೆ.”

ನಿಮ್ಮವ್ವ ಸುರಪುರದಲ್ಲಿ ಬಿ.ಎ. ಮಾಡಿದವಳು. ಮದುವೆಯಾದ ಮೇಲೂ ಎರಡು ಸಲ ಪರೀಕ್ಷೆ ಬರೆದಳು, ನೌಕರಿ ಸಿಗಲಿಲ್ಲ. ಆಮೇಲೆ ನೀವು ಹುಟ್ಟಿದಿರಿ. ಪುಸ್ತಕಗಳನ್ನು ಟ್ರಂಕಿಗೆ ಹಾಕಿ ಮೇಲೆ ರಜಾಯಿ ಇಟ್ಟಳು. ಈ ಅವಕಾಶವೊಂದು ಅವಳಿಗೆ ತಾನಾಗಿ ಬಂದಿತ್ತು. ನಿಮ್ಮಪ್ಪನಿಗೆ ಹುಣಸಗಿ ಕಡೆ ಸಾಲೆಯಲ್ಲಿ ಮಾಸ್ತರಿಕೆ. ಶನಿವಾರವೂ ಸಂಜೆಗೇ ಬರುವವ. “ಮಾಡಂಗಿದ್ರ ಮಾಡು. ಮುಂದ ನಾಕ್ ಮಂದ್ಯಾಗ ಹುಡುಗಾಟ ಆಗಬಾರದು” ಅಂದ. ಅವಳು ಹೂಂ ಅಂದಳು. ಅಂದಿನಿಂದ ಎಮ್ಮೆಗೆ ಪಾಠ ಶುರುವಾಯಿತು.

ಊಟದ ವಿಷಯ ಅವಳು ನನಗೆ ಎರಡೆರಡು ಸಲ ಹೇಳಿದ್ದಳು. “ಅತ್ತಿ, ಎರಡೆರಡು ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮಜ್ಜಿಗಿ. ಅಷ್ಟ. ನಸಿಕಿನ್ಯಾಗ ಎದ್ದು ಬಂದಿರತಾರ, ಬಿಸಲು ಬ್ಯಾರೆ. ಹೊಟ್ಟಿ ಹಗುರ ಇದ್ರ ನಾಕಕ್ಕ ಬದುವಿಗೆ ನಡದು ಹೋಗತಾರ. ಹೋಳಿಗಿ ಗೀಳಿಗಿ ಬ್ಯಾಡ.”

“ಆತು” ಅಂದೆ.

ಆತು ಅಂದವಳು ಸುಮ್ಮನಿರಬೇಕಿತ್ತು. ಆದರೆ ಹೋಳಿ ಹುಣ್ಣಿಮೆಗೆ ಎರಡೇ ದಿನ ಉಳಿದಿತ್ತು. ಸಮುದ್ರ ದಾಟಿ ಬಂದವರು ಮೊದಲ ಸಲ ಮನೆಗೆ ಬರುತ್ತಾರೆ, ಅವರಿಗೆ ರೊಟ್ಟಿ ಹಾಕಿ ಕಳಿಸುವುದೇ? ನಿಮ್ಮ ಮುತ್ಯಾ ಇದ್ದಾಗ ಬಂದವರ ಜೊತೆ ಮಾತು ಅವರದು, ಬಡಿಸುವುದು ನನ್ನದು. ಅವರು ಹೋದ ಮೇಲೂ ನನಗೆ ಮಾತು ಬರಲಿಲ್ಲ, ಬಡಿಸುವುದೊಂದು ಉಳಿಯಿತು. ಹಿಂದಿನ ದಿನ ನಿಮ್ಮವ್ವ ಸಂತೆಗೆ ಹೋದಾಗ ಕಡಲೆಬೇಳೆ ಬೇಯಿಸಿ ಹೂರಣ ಅರೆದಿಟ್ಟೆ. ಬೇಳೆ ಬಸಿದ ಕಟ್ಟು ಚೆಲ್ಲಲಾಗುವುದಿಲ್ಲ, ಸಾರು ಮಾಡಿದೆ. ಸಾರು ಆದ ಮೇಲೆ ಅನ್ನ ಬೇಕು. ಅನ್ನದ ಮಗ್ಗುಲಿಗೆ ನಾಲ್ಕು ಸಂಡಿಗೆ.

ಮರುದಿನ ಅಡುಗೆಮನೆಗೆ ಬಂದ ನಿಮ್ಮವ್ವ ಹೋಳಿಗೆಯ ಬುಟ್ಟಿ ನೋಡಿ ಬಾಯಿ ತೆರೆದಳು. ಅಷ್ಟರಲ್ಲಿ ವ್ಯಾನಿನ ಹಾರ್ನು ಕೇಳಿತು. ಅವಳು ಹೊರಗೆ ಓಡಿದಳು.

ಮೇಡಂ ಸೇರಿ ಎಂಟು ಮಂದಿ, ಮೇಲೆ ಒಬ್ಬ ಹೈದರಾಬಾದಿನ ಡ್ರೈವರ್. ಅವರಲ್ಲಿ ಒಬ್ಬ ಮುದುಕರಿದ್ದರು, ಮೊಣಕಾಲು ನೋವು, ಅವರಿಗೆ ಕುರ್ಚಿ ಹಾಕಿದೆವು. ಉಳಿದವರು ಪಡಸಾಲೆಯಲ್ಲಿ ಚಾಪೆಯ ಮೇಲೆ ಸಾಲಾಗಿ ಕೂತರು. ನಿಮ್ಮವ್ವ ರೊಟ್ಟಿ ಪಲ್ಯ ಬಡಿಸಿದಳು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಎಷ್ಟು ಮರ್ಯಾದೆಯಿಂದ ಉಂಡರು ಅನ್ನುತ್ತೀರಿ! ಹಿಂಡಿಯ ಖಾರಕ್ಕೆ ಮೂಗು ಸೋರಿದರೂ ಬಿಡಲಿಲ್ಲ. ತಾಟು ಒರೆಸಿದಂತೆ ಸ್ವಚ್ಛ.

ತಾಟು ಖಾಲಿ ಕಂಡಿತು. ನನ್ನ ಕಾಲು ಹೊರಗೆ ಬಂದದ್ದು ನನಗೇ ತಿಳಿಯಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ಬುಟ್ಟಿ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ಹೋಳಿಗೆ ಹಾಕುತ್ತ ಹೋದೆ. ಮೇಲೆ ತುಪ್ಪ. “ನಕ್ಕೋ ಅಮ್ಮಾ, ನಕ್ಕೋ” ಅಂತ ಮೇಡಂ ಬ್ಯಾಡ ಅಂದಳು. ಶಹರದ ತರಕಾರಿ ಮಾರುವವರಿಂದ ಕಲಿತ ಉರ್ದು ಅವಳದು, ನಂದು ಶಹಾಪುರದ ಬಳೆಗಾರ್ತಿಯರಿಂದ ಕಲಿತದ್ದು. ಆದರೆ ನಮ್ಮಲ್ಲಿ ಮೊದಲ ಸಲ ಬ್ಯಾಡ ಅಂದರೆ ಅದು ಸಂಕೋಚ. ಎರಡನೆಯ ಸಲ ಅಂದರೆ ಹಾಕಲಿ ಅಂತ. ಮೂರನೆಯ ಸಲ ತಾಟಿನ ಮೇಲೆ ಬೋರಲು ಬಿದ್ದು ಎರಡೂ ಕೈ ಅಡ್ಡ ಹಿಡಿದರೆ ಆಗ ಅರ್ಧ ಹಾಕಬೇಕು. ಅವರು ಯಾರೂ ಬೋರಲು ಬೀಳಲಿಲ್ಲ. ಹಾಕಿದ್ದನ್ನು ನಗುತ್ತ ಉಂಡು ಮತ್ತೆ ತಾಟು ಖಾಲಿ ಮಾಡಿದರು. ನಾನು ಮತ್ತೆ ಹಾಕಿದೆ. ಆಮೇಲೆ ಅನ್ನ ಸಾರು. ನಿಮ್ಮವ್ವ ನನ್ನ ಸೆರಗು ಜಗ್ಗಿ “ಅತ್ತಿ, ಸಾಕ್ರಿ” ಅಂದಳು. “ನೋಡಲ್ಲಿ, ಆ ಹಿರ್ಯಾರ ತಾಟಿನ್ಯಾಗ ಏನೂ ಇಲ್ಲ” ಅಂದೆ. ಅವತ್ತಿನಷ್ಟು ಹುರುಪು ನನಗೆ ಎಷ್ಟೋ ವರ್ಷದಿಂದ ಇರಲಿಲ್ಲ. ಅದರಲ್ಲಿ ಸುಳ್ಳು ಹೇಳುವುದಿಲ್ಲ.

ಕೈ ತೊಳೆದವರು ಬೇವಿನ ಗಿಡದ ನೆರಳಿಗೆ ಹೋದರು. ಹೊರಸು, ಚಾಪೆ, ಗೋಣಿತಾಟು, ಯಾರಿಗೆ ಏನು ಸಿಕ್ಕಿತೋ ಅದರ ಮೇಲೆ ಒರಗಿದರು. ಐದು ನಿಮಿಷದಲ್ಲಿ ಎಂಟೂ ಮಂದಿ ನಿದ್ದೆ. ಡ್ರೈವರ್ ವ್ಯಾನಿನಲ್ಲಿ ಕಾಲು ಹೊರಗೆ ಚಾಚಿ ಗೊರಕೆ.

ಮೂರಾಯಿತು. ನಾಲ್ಕಾಯಿತು. ನಿಮ್ಮವ್ವ ಕೈಯಲ್ಲಿ ಹಾಳೆ ಹಿಡಿದುಕೊಂಡು ಅಂಗಳಕ್ಕೂ ಬಾಗಿಲಿಗೂ ತಿರುಗಾಡಿದಳು.

“ಅತ್ತಿ, ಮೇಡಂನಾರ ಎಬ್ಬಿಸ್ರಿ.”

“ಮನಿಗಿ ಬಂದ ಬೀಗರು ಮಲಗಿದ್ರ ಎಬ್ಬಿಸತಾರೇನವ್ವ? ದಣದು ಬಂದಾರ. ತಾವಾ ಏಳತಾರ.”

ಅವಳು ತಾನೇ ಎರಡು ಸಲ ಮೇಡಂ ಮಲಗಿದ ಹೊರಸಿನ ತನಕ ಹೋಗಿ, ಬಗ್ಗಿ, ಹಾಗೇ ತಿರುಗಿ ಬಂದಳು. ಅವಳೂ ಇದೇ ಸೀಮೆಯವಳಲ್ಲವೇ.

ಮಗ್ಗುಲ ಹೊಲದಾಕೆ ಮೇವಿನ ಹೊರೆ ಹೊತ್ತುಕೊಂಡು ಹೋಗುವವಳು ಬೇಲಿಯ ಹತ್ತಿರ ನಿಂತಳು. “ಯಕ್ಕಾ, ಇಷ್ಟು ಮಂದಿ ಬಿದ್ದಾರಲ್ಲ, ಏನ್ ಹಾಕಿ ಕೊಟ್ಟೀರಿ?”

“ಹೋಳಿಗಿ.”

“ಬರೇ ಹೋಳಿಗೀನ? ಪೊಲೀಸ್ರು ಬರೂದ್ರೊಳಗ ನಮ್ಮನಿಗೂ ಎರಡು ಕಳಸ್ರಿ ಮತ್ತ.” ಹೊರೆ ಅಲುಗಾಡುವ ಹಾಗೆ ನಕ್ಕು ಹೋದಳು. ನಿಮ್ಮವ್ವ ನಗಲಿಲ್ಲ.

ಡ್ರೈವರ್ ಎದ್ದಾಗ ಸೂರ್ಯ ಮುಳುಗುವುದರಲ್ಲಿದ್ದ. ಅವನು ಗಾಬರಿಯಾಗಿ ಎಲ್ಲರನ್ನೂ ಕೂಗಿ ಎಬ್ಬಿಸಿದ. ಯಾದಗಿರಿಯ ಲಾಡ್ಜಿನಲ್ಲಿ ಇಳಿದುಕೊಳ್ಳಬೇಕು, ಮರುದಿನ ನಸುಕಿನಲ್ಲಿ ಕೋಟೆ ಹತ್ತಬೇಕು. ಒಬ್ಬ ಹೆಂಗಸು ಹೊಟ್ಟೆ ಹಿಡಿದುಕೊಂಡೇ ಎದ್ದಳು. ಮುದುಕರು ನನಗೆ ಕೈ ಮುಗಿದರು, ಆದರೆ ನೆಟ್ಟಗೆ ನಿಲ್ಲಲು ಅವರಿಗೆ ಆಗುತ್ತಿರಲಿಲ್ಲ. ಚಪ್ಪಲಿ ಹುಡುಕುವುದು, ಚೀಲ ಎತ್ತುವುದು, ಎಲ್ಲರೂ ವ್ಯಾನು ಹತ್ತಿದರು. ಬದುವಿನ ಕಡೆ ಯಾರೂ ತಿರುಗಿ ನೋಡಲಿಲ್ಲ. ಗುಡ್ಡಗಳು ಬರೀ ಕಪ್ಪು ಗೆರೆಯಾಗಿದ್ದವು. ನಿಮ್ಮವ್ವ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಆಗ ನಾನು ಹೋಗಿ ವ್ಯಾನಿನ ಬಾಗಿಲು ಹಿಡಿದೆ. ಎಲ್ಲರೂ ನನ್ನನ್ನೇ ನೋಡಿದರು.

“ಗಲ್ತಿ ಮೇರಿ,” ಅಂದೆ ಮೇಡಂಗೆ. “ಬಹೂ ನಕ್ಕೋ ಬೋಲಿ. ಮೈಚ್ ಪಕಾಯಿ, ಮೈಚ್ ಡಾಲಿ.” ತಪ್ಪು ನನ್ನದು, ಸೊಸೆ ಬ್ಯಾಡ ಅಂದಿದ್ದಳು, ನಾನೇ ಬೇಯಿಸಿದೆ, ನಾನೇ ಹಾಕಿದೆ ಅಂತ. ನನ್ನ ದನಿ ಯಾರದೋ ಅನ್ನಿಸಿತು.

ಮೇಡಂ ಕೆಳಗೆ ಇಳಿದಳು. ಅವಳ ಉರ್ದುವನ್ನು ಕನ್ನಡದಲ್ಲೇ ಬರೆಯುತ್ತೇನೆ. “ಅಮ್ಮಾ, ನಮಗೆ ಬೇಡವಾಗಿತ್ತು. ಆದರೆ ಹಳ್ಳಿಯ ಮನೆಯಲ್ಲಿ ತಾಟಿನಲ್ಲಿ ಒಂದು ಅಗುಳೂ ಬಿಡಬೇಡಿ, ಬಿಟ್ಟರೆ ಅವರಿಗೆ ನೋವಾಗುತ್ತದೆ ಅಂತ ನಾನೇ ದಾರಿ ತುಂಬ ಇವರಿಗೆ ಹೇಳಿಕೊಂಡು ಬಂದೆ.”

“ಖಾಲಿ ತಾಟು ಕಂಡರೆ ನಾವು ಹಾಕಲೇಬೇಕು,” ಅಂದೆ.

“ನೀವು ಹಾಕಿದರೆ ನಾವು ಖಾಲಿ ಮಾಡಲೇಬೇಕು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಬೇರೆ ದಿನವಾದರೆ ನಗು ಬರುತ್ತಿತ್ತೋ ಏನೋ. ಹೊಟ್ಟೆನೋವಿನಾಕೆ ಸೀಟಿನಲ್ಲಿ ಮುದುಡಿಕೊಂಡು ಕೂತಿದ್ದಳು. ನಮ್ಮಿಬ್ಬರಿಗೂ ನಗು ಬರಲಿಲ್ಲ.

“ಅವಳು ಒಂದು ತಿಂಗಳಿಂದ ಓದಿಕೊಂಡಾಳ,” ಅಂದೆ. “ಒಂದು ಸಲ ಅವಳ ಮಾತು ಕೇಳ್ರಿ. ನನ್ನ ತಪ್ಪು ಅವಳ ಮ್ಯಾಲೆ ಹಾಕಬ್ಯಾಡ್ರಿ.”

“ಇನ್ನೂ ಎರಡು ಊರು ನೋಡುವುದಿದೆ. ಆಮೇಲೆ ಹೇಳುತ್ತೇನೆ,” ಅಂದಳು. ನಿಮ್ಮವ್ವನ ಕೈ ಹಿಡಿದು ಏನೋ ಇಂಗ್ಲಿಷಿನಲ್ಲಿ ಹೇಳಿ ವ್ಯಾನು ಹತ್ತಿದಳು.

ನಿಮ್ಮಪ್ಪ ಬಂದಾಗ ನಾವಿಬ್ಬರೂ ಬಚ್ಚಲಲ್ಲಿ ತಾಟು ತೊಳೆಯುತ್ತಿದ್ದೆವು. “ಹೆಂಗಾತು?” ಅಂತ ಕೇಳಿದ. “ಉಂಡು ಹೋದ್ರು” ಅಂದಳು ನಿಮ್ಮವ್ವ. ಅವನು ಒಳಗೆ ಹೋದ ಮೇಲೆ ನಾನು, “ಬೈಯವ್ವ, ಬೈದು ಬಿಡು” ಅಂದೆ.

“ಹೆಂಗ ಬೈಯಲಿ ಅತ್ತಿ? ನೀವು ಪ್ರೀತಿಲೆ ಮಾಡೀರಿ. ಅದಕ್ಕ ಬೈಯಾಕ ಬರಂಗಿಲ್ಲ. ಅದಕ್ಕ ನನಗ ಇಷ್ಟು ಸಿಟ್ಟು.”

ಅಷ್ಟೇ ಅಂದಳು. ಮರುದಿನ ಹಾಲು ಹಿಂಡುವಾಗ ಕೊಟ್ಟಿಗೆಯಲ್ಲಿ ಹಾಲಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅದರ ಮರುದಿನವೂ ಅಷ್ಟೇ. ಹೋಳಿ ಬಂತು ಹೋಯಿತು. ನಾನು ಹೋಳಿಗೆ ಮಾಡಲಿಲ್ಲ, ಯಾರೂ ಕೇಳಲೂ ಇಲ್ಲ. ಫೋನು ಬಂದರೆ ಅವಳು ಓಡಿ ಹೋಗುವುದು, ನೋಡಿ ಮೆಲ್ಲಗೆ ತಿರುಗಿ ಬರುವುದು. ನನ್ನ ಕೈಯಿಂದ ಒಂದು ಪಾತ್ರೆ ಒಡೆದಿದ್ದರೆ ಹೊಸದು ತರಬಹುದಿತ್ತು. ಇದನ್ನು ಎಲ್ಲಿಂದ ತರುವುದು?

ಯುಗಾದಿಯ ಹಿಂದಿನ ವಾರ ಮೇಡಂ ಫೋನು ಮಾಡಿದಳು. ನಿಮ್ಮವ್ವ ಅಂಗಳದಲ್ಲಿ ನಿಂತು ಬಹಳ ಹೊತ್ತು ಮಾತಾಡಿದಳು. ಒಳಗೆ ಬಂದು ನನ್ನ ಎದುರಿಗೆ ಕೂತಳು.

“ಇನ್ನೊಂದು ಸಲ ನೋಡತಾರಂತ. ಯುಗಾದಿ ಆದ ಮ್ಯಾಲಿನ ಶನಿವಾರ. ಬ್ಯಾರೆ ಮಂದಿ.” ಅಂದಳು. “ಆದ್ರ ಒಂದು ಮಾತು ಅದ ಅತ್ತಿ. ಊಟ ನಡುವ ಇಟ್ಟುಬಿಡಬೇಕಂತ. ಯಾರೂ ಬಡಸಬಾರದು. ಅವರವರಾ ಹಾಕ್ಕೊಂತಾರ.”

ಬಂದವರು ತಾವೇ ಬಡಿಸಿಕೊಂಡು ಉಣ್ಣುವುದು ನಮ್ಮ ಕಡೆ ಮನೆಯವರಿಗೆ ಮರ್ಯಾದೆ ಅಲ್ಲ. ಅದನ್ನು ಅವಳಿಗೆ ಹೇಳಬೇಕಿರಲಿಲ್ಲ. ಹೇಳುವಾಗ ಅವಳು ನೆಲ ನೋಡುತ್ತಿದ್ದಳು. ನನಗೆ ನೋವಾಯಿತು. ಆದರೆ ಅವಳ ಕಾಲಿನ ಹೆಬ್ಬೆರಳು ನೆಲ ಕೆರೆಯುವುದು ಕಂಡಿತು, ಸಣ್ಣ ಹುಡುಗಿಯ ಹಾಗೆ.

“ನಾನು ಎಲ್ಲಿ ಕೂಡಲಿ?” ಅಂತ ಕೇಳಿದೆ.

“ಅವರ ಜೋಡಿ ಕೂಡ್ರಿ.”

ಆ ಶನಿವಾರ ಪಡಸಾಲೆಯ ನಡುವೆ ಮಣೆ ಹಾಕಿ ರೊಟ್ಟಿಯ ಬುಟ್ಟಿ, ಎಣಗಾಯಿ, ಹಿಂಡಿ, ಮಜ್ಜಿಗೆಯ ಕೊಡ ಇಟ್ಟೆವು. ಬೇವು ಬೆಲ್ಲದ್ದೊಂದು ಸಣ್ಣ ಗಿಂಡಿ, ಅದು ಹಬ್ಬದ್ದು. ಮಜ್ಜಿಗೆಗೆ ಕರಿಬೇವು ಕೊಡಲು ಬಂದಿದ್ದ ಮಗ್ಗುಲ ಹೊಲದಾಕೆ ನೋಡಿ, “ಯಕ್ಕಾ, ಖಾನಾವಳಿ ತಗದೀರೇನು? ಬೋರ್ಡ್ ಯಾವಾಗ ಬರೂದು?” ಅಂದಳು. ನಾನು ರೊಟ್ಟಿಯ ಬುಟ್ಟಿಗೆ ಬಟ್ಟೆ ಮುಚ್ಚಿದೆ.

ಅವರು ಬಂದರು, ಹಾಕಿಕೊಂಡರು, ಕೂತರು. ನಾನು ಗೋಡೆಗೆ ಆನಿಕೊಂಡು ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ. ಒಬ್ಬ ಹುಡುಗಿ, ಇಪ್ಪತ್ತೈದರ ಒಳಗಿನವಳು, ಅರ್ಧವೇ ರೊಟ್ಟಿ ಮುರಿದುಕೊಂಡಳು. ಅರ್ಧ ರೊಟ್ಟಿ! ನನ್ನ ಕೈ ಎದ್ದಿತು. ನಿಮ್ಮವ್ವ ಆ ಕಡೆಯಿಂದ ನೋಡಿದಳು. ಕೈಯನ್ನು ಮತ್ತೆ ಸೆರಗಿಗೆ ಸುತ್ತಿದೆ. ಆ ಹುಡುಗಿ ಉಂಡು ಮುಗಿಸಿ ಖಾಲಿ ತಾಟು ಹಿಡಿದು ಕೂತಳು. ನಾನು ಬೇರೆ ಕಡೆ ನೋಡಿದೆ. ಅಷ್ಟು ಹೊತ್ತು ಕಳೆಯುವುದು ಎಷ್ಟು ಕಷ್ಟ ಅನ್ನುವುದನ್ನು ನೀವು ನಗದೆ ಓದಬೇಕು. ಆಮೇಲೆ ಅವಳು ಎದ್ದು ಬಂದು ಉಳಿದ ಅರ್ಧವನ್ನು ತಾನೇ ತೆಗೆದುಕೊಂಡಳು. ಹಿಂಡಿಯನ್ನೂ ಹಾಕಿಕೊಂಡಳು. ಮಜ್ಜಿಗೆ ಎರಡು ಲೋಟ. ಅವಳ ಹೊಟ್ಟೆ ಅವಳಿಗೆ ಗೊತ್ತಿತ್ತು.

ಉಂಡವರು ಯಾರೂ ಮಲಗಲಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸುವುದನ್ನು ನೋಡಿದರು, ಎಮ್ಮೆಯ ಫೋಟೊ ತೆಗೆದರು, ತೊಟ್ಟಿಲಲ್ಲಿದ್ದವನನ್ನು ಎತ್ತಿಕೊಂಡು ತಿರುಗಿದರು. ಬಿಸಿಲು ಓರೆಯಾದಾಗ ನಿಮ್ಮವ್ವ ಚಪ್ಪಲಿ ಮೆಟ್ಟಿಕೊಂಡಳು. ಕೈಯಲ್ಲಿ ಹಾಳೆ ಇರಲಿಲ್ಲ. ಎಲ್ಲರೂ ಅವಳ ಹಿಂದೆ ಒಬ್ಬರ ಹಿಂದೊಬ್ಬರು ಹೊಲದ ಕಾಲುದಾರಿಯಲ್ಲಿ ಹೋದರು. ಮೇಡಂ ಎಲ್ಲರಿಗಿಂತ ಹಿಂದೆ. “ನೀವೂ ಬರ್ರಿ” ಅಂತ ನಿಮ್ಮವ್ವ ಕರೆದಳು. “ಪಾತ್ರೆ ಅವ” ಅಂದೆ. ನಾನು ಇದ್ದರೆ ಅವಳಿಗೆ ಭಾರ ಅನ್ನಿಸಿತು.

ಬಚ್ಚಲಿನಲ್ಲಿ ಕೂತು ತೊಳೆಯತೊಡಗಿದೆ. ಸ್ವಲ್ಪ ಹೊತ್ತಿನಲ್ಲಿ ಬದುವಿನಿಂದ ಅವಳ ದನಿ ಬಂತು. ಎಮ್ಮೆಯ ಮುಂದೆ ಹೇಳುತ್ತಿದ್ದ ಆ ಪಿಸುದನಿ ಅಲ್ಲ. ಸಾಲೆಯಲ್ಲಿ ಟೀಚರು ಮಾತಾಡುವ ಹಾಗೆ, ಹಿಂದಿನ ಸಾಲಿಗೂ ಕೇಳುವ ಹಾಗೆ. ನಡುವೆ ತಟ್ಟನೆ ನಿಂತಿತು. ಮರೆತಳೇ ಅಂತ ನಾನು ಅರ್ಧ ಎದ್ದೆ. ಯಾರೋ ಏನೋ ಕೇಳಿದರು. ಅವಳು ಉತ್ತರ ಹೇಳಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮತ್ತೆ ಮಾತು ಮುಂದುವರಿಯಿತು, ಮೊದಲಿನಿಂದ ಅಲ್ಲ, ನಿಂತಲ್ಲಿಂದಲೇ.

ಏನು ಹೇಳುತ್ತಿದ್ದಳೋ ನನಗೆ ಒಂದಕ್ಷರ ತಿಳಿಯಲಿಲ್ಲ. ನಾನು ನಲ್ಲಿ ಬಂದ್ ಮಾಡಿ, ಅರ್ಧ ತೊಳೆದ ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತೆ. ನೀರಿನ ಸದ್ದಿನಲ್ಲಿ ಅವಳ ಮಾತು ಸರಿಯಾಗಿ ಕೇಳುತ್ತಿರಲಿಲ್ಲ.